ಕೈಬಿಟ್ಟ ಪಾಲಿಮರ್ ಪಾಠ ನಮಗೆ ಬೇಕು

ಎನ್‌ಸಿಇಆರ್‌ಟಿಯವರು 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಹನ್ನೆರಡನೇ ತರಗತಿಯ ರಸಾಯನಶಾಸ್ತ್ರದಿಂದ ಪಾಲಿಮರ್ ಅಧ್ಯಾಯವನ್ನು ಪೂರ್ತಿ ಕೈಬಿಟ್ಟರು. ನಮ್ಮ ದ್ವಿತೀಯ ಪಿಯುಸಿ ಓದುವುದೂ ಅದೇ ಪುಸ್ತಕವನ್ನು. ಒಂದು ಪಾಠ ಕಡಿಮೆಯಾಯಿತಲ್ಲ ಎಂದು ಖುಷಿಪಟ್ಟವರು ಬಹಳ ಮಂದಿ. ನನಗೆ ಮಾತ್ರ ಅದು ನಷ್ಟ ಅನಿಸುತ್ತದೆ.

ಅರಾಲ್ಡೈಟ್ ಯಾರ ಮನೆಯಲ್ಲಿಲ್ಲ? ಒಂದು ಟ್ಯೂಬಿನಲ್ಲಿ ಎಪಾಕ್ಸಿ ರಾಳ, ಇನ್ನೊಂದರಲ್ಲಿ ಹಾರ್ಡನರ್. ಕಲಸಿದರೆ ಅಣುಗಳು ಬಲೆಯಂತೆ ಹೆಣೆದುಕೊಂಡು ಕಲ್ಲಾಗುತ್ತವೆ. ಅದರ ದೋಷವೂ ಅಲ್ಲೇ ಇದೆ: ಗಟ್ಟಿ, ಆದರೆ ಪೆಡಸು. ಒಮ್ಮೆ ಬಿರುಕು ಹುಟ್ಟಿತೆಂದರೆ ತಡೆಯಿಲ್ಲದೆ ಓಡುತ್ತದೆ.

ಇದಕ್ಕೆ ಪರಿಹಾರದ ಅರ್ಧವನ್ನು ಖಾನಾಪುರ ಕಡೆಯ ಗೆಳೆಯರು ಆಗಲೇ ಬಲ್ಲರು. ಮಣ್ಣಿನ ಗೋಡೆ ಕಟ್ಟುವಾಗ ಕೆಸರಿಗೆ ಭತ್ತದ ಹುಲ್ಲು ಸೇರಿಸಿ ತುಳಿಯುತ್ತಾರಲ್ಲ, ಅದೇ. ಬಿರುಕು ಮುಂದೆ ಹೋಗಬೇಕಾದರೆ ಹುಲ್ಲಿನ ಎಳೆಯನ್ನು ಹರಿಯಬೇಕು, ಇಲ್ಲವೇ ಕಿತ್ತು ತೆಗೆಯಬೇಕು. ಶಕ್ತಿ ಅಲ್ಲಿ ಖರ್ಚಾಗಿ ಬಿರುಕು ನಿಧಾನಿಸುತ್ತದೆ.

ಈಗ ವಿಜ್ಞಾನಿಗಳು ಎಪಾಕ್ಸಿಗೆ ಸೇರಿಸುತ್ತಿರುವ ಎಳೆಗಳಲ್ಲೊಂದು ಆ ಹುಲ್ಲಿನಲ್ಲೇ ಇರುವ ಸೆಲ್ಯುಲೋಸ್‌ನಿಂದ ಬಂದದ್ದು. ಸೀಗಡಿ ಚಿಪ್ಪಿನಿಂದ ಸಿಗುವ ಕೈಟೊಸಾನ್, ರೇಷ್ಮೆಯ ಪ್ರೋಟೀನ್ ಸಹ ಬಳಕೆಯಲ್ಲಿವೆ. ಇವುಗಳ ದ್ರಾವಣವನ್ನು ಸಿರಿಂಜಿಗೆ ತುಂಬಿ, ಸೂಜಿಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಕೊಡುತ್ತಾರೆ. ಸೂಜಿಯ ತುದಿಯ ಹನಿ ಎಳೆಯಾಗಿ ಚಿಮ್ಮಿ, ದ್ರಾವಕ ಆರಿ, ಎದುರಿನ ತಟ್ಟೆಯ ಮೇಲೆ ಬಟ್ಟೆಯಂತೆ ಕೂಡುತ್ತದೆ. ನಮ್ಮ ಕೂದಲು ಸುಮಾರು 70,000 ನ್ಯಾನೊಮೀಟರ್ ದಪ್ಪ. ಈ ಎಳೆ ಕೆಲವು ನೂರು ಮಾತ್ರ. ಇದು ಎಲೆಕ್ಟ್ರೋಸ್ಪಿನ್ನಿಂಗ್. ಅಮೆರಿಕದಲ್ಲಿ 1902ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತು!

ಎಳೆ ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸೆಲ್ಯುಲೋಸ್‌ಗೆ ನೀರೆಂದರೆ ಪ್ರೀತಿ. ರಾಳದೊಡನೆ ಸರಿಯಾಗಿ ಬೆಸೆಯದಿದ್ದರೆ ವಸ್ತು ಇನ್ನೂ ದುರ್ಬಲವಾಗುತ್ತದೆ. ಇನ್ನು ‘ಬಯೋ’ ಎಂಬ ಚೀಟಿ ಅಂಟಿಸಿದ ಕೂಡಲೇ ಅದು ಮಣ್ಣಲ್ಲಿ ಕೊಳೆಯುತ್ತದೆ ಎಂದು ನಂಬುವವರಿದ್ದಾರೆ. ಎಳೆ ಜೈವಿಕವಾದರೂ ಸುತ್ತಲಿನ ಎಪಾಕ್ಸಿ ಕೊಳೆಯುವುದಿಲ್ಲ, ಕರಗಿಸಿ ಮರುಬಳಸಲೂ ಆಗದು. ಪಾಲಿಮರ್ ಪಾಠ ಓದದವರು ಇಂಥ ಜಾಹೀರಾತಿಗೆ ಹೇಗೆ ಉತ್ತರ ಕೊಟ್ಟಾರು?

ಪರೀಕ್ಷೆಗೆ ಬರುವುದಿಲ್ಲ ಎಂಬ ಮಾತು ನಿಜವೇ. ಆದರೂ ಉಪನ್ಯಾಸಕರಲ್ಲಿ ನನ್ನ ಬೇಡಿಕೆ ಸಣ್ಣದು. ಖಾನಾಪುರದ ಬಸ್ಸು ದಿನಾ ದಾಟಿ ಬರುವ ಮಚ್ಛೆಯಲ್ಲೇ ವಿಟಿಯು ಇದೆ. ಅಲ್ಲಿಂದ ಒಬ್ಬರನ್ನು ಒಂದು ಶನಿವಾರ ಕರೆಸಿ. ಹತ್ತು ಸಾವಿರ ವೋಲ್ಟ್ ನಮ್ಮ ಲ್ಯಾಬಿಗೆ ಬೇಡ. ಎರಡು ಎಪಾಕ್ಸಿ ಪಟ್ಟಿ ಎರೆಯೋಣ, ಒಂದು ಬರೀ ರಾಳದ್ದು, ಒಂದರೊಳಗೆ ತೆಳು ಹತ್ತಿ ಬಟ್ಟೆ. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದಿಟ್ಟು. ಮರುದಿನ ಎರಡಕ್ಕೂ ತೂಕ ನೇತುಹಾಕಿ, ಯಾವುದು ಹೇಗೆ ಮುರಿಯುತ್ತದೆಂದು ನೋಡೋಣ.