ಹಂಗಿಲ್ಲದ ಚಕ್ರ

ವಾಚನಾಲಯದ ಜಗಲಿಯಲ್ಲಿ ಕಳೆದ ಮಳೆಗಾಲ ಶುರುವಾದ ವಾದಕ್ಕೆ ಈಗ ವರ್ಷ ತುಂಬಿತು. ಯಾರದೋ ಮೊಬೈಲಿಗೆ ಬಂದ ಒಂದು ವಿಡಿಯೊ ಅದಕ್ಕೆ ನೆಪ. ಮೋಟರು ಬೆಲ್ಟಿನ ಮೂಲಕ ಡೈನಮೊ ತಿರುಗಿಸುತ್ತದೆ, ಡೈನಮೊದ ಕರೆಂಟು ಮರಳಿ ಮೋಟರಿಗೇ ಹೋಗುತ್ತದೆ, ಮಿಕ್ಕಿದ್ದರಲ್ಲಿ ನಾಲ್ಕು ಬಲ್ಬು ಉರಿಯುತ್ತವೆ. ತೋಟಕ್ಕೆ ನೀರು ಬಿಡುವ ಹೊತ್ತಿಗೇ ಕರೆಂಟು ಕೈಕೊಡುವ ನಮ್ಮ ಕಾಸರಗೋಡಿನ ಗಡಿನಾಡಿನಲ್ಲಿ ಇದನ್ನು ನೋಡಿ ಆಸೆಪಡದ ಅಡಿಕೆ ಬೆಳೆಗಾರ ಯಾರು? ನಾನೂ ಪಟ್ಟೆ. ಇಂಧನವೇ ಬೇಡದ ಪಂಪು ಮಾರುತ್ತೇನೆಂದು ಬಂದವನಿಗೆ ಮೂರು ಸಾವಿರ ರೂಪಾಯಿ ಮುಂಗಡವನ್ನೂ ಕೊಟ್ಟೆ. ಪಂಪು ಬರಲಿಲ್ಲ, ಫೋನೂ ಎತ್ತುವುದಿಲ್ಲ. ವರ್ಷದ ಲೆಕ್ಕದಲ್ಲಿ ಮೊದಲ ಖರ್ಚು ಅದು.

ಮೊದಲ ತಿಂಗಳು ವಾದದಲ್ಲಿ, ಇಂಥ ಯಂತ್ರ ಆಗಿಯೇ ಆಗುತ್ತದೆ ಎನ್ನುತ್ತಿದ್ದ ಭಟ್ರ ಕೈ ಮೇಲಾಗಿತ್ತು. ‘ಭಾಸ್ಕರಾಚಾರ್ಯರೇ ಹೇಳಿದ್ದಾರಲ್ಲ’ ಎಂಬ ಒಂದು ಮಾತಿಗೆ ಎಲ್ಲರೂ ಸುಮ್ಮನಾದರು. ಹೇಳಿದ್ದು ಹೌದು. 1150ರ ‘ಸಿದ್ಧಾಂತ ಶಿರೋಮಣಿ’ಯ ಯಂತ್ರಾಧ್ಯಾಯದಲ್ಲಿ ಹಗುರ ಮರದ ಚಕ್ರವಿದೆ, ಅದರ ಪೊಳ್ಳು ಅರಗಳಲ್ಲಿ ಅರ್ಧದಷ್ಟು ಪಾದರಸ ತುಂಬಿ, ಬಾಯಿ ಮುಚ್ಚಿ ಅಚ್ಚಿಗೇರಿಸಿದರೆ ಚಕ್ರ ತಾನಾಗಿ ತಿರುಗುತ್ತದೆ ಎನ್ನುತ್ತದೆ ಗ್ರಂಥ. ಅದಕ್ಕೂ ಹಿಂದೆ, 628ರಲ್ಲಿ ಬ್ರಹ್ಮಗುಪ್ತ, ಆಮೇಲೆ ಲಲ್ಲ, ಇದೇ ಜಾತಿಯ ‘ಸ್ವಯಂವಹ’ ಯಂತ್ರಗಳ ಮಾತೆತ್ತಿದ್ದರು. ಭಾಸ್ಕರರ ಹುಟ್ಟೂರು ನಮ್ಮ ವಿಜಯಪುರವೇ ಎಂದು ವಾದಿಸುವವರೂ ಇದ್ದಾರೆ. ಆ ಜಗಳ ಇನ್ನೊಂದು ಮಳೆಗಾಲಕ್ಕಿರಲಿ.

ಭಟ್ರು ಮಗುಚದೆ ಬಿಟ್ಟ ಪುಟವೊಂದಿತ್ತು. ಅದೇ ಅಧ್ಯಾಯದಲ್ಲಿ ಆಚಾರ್ಯರು ಬಾಗಿದ ಕೊಳವೆಯಿಂದ ನೀರು ಇಳಿಸಿ ಚಕ್ರ ತಿರುಗಿಸುವ ಉಪಾಯವನ್ನೂ ಹೇಳುತ್ತಾರೆ. ಆ ಕೊಳವೆಗೆ ‘ಕುಕ್ಕುಟನಾಡಿ’ ಎಂದು ಹೆಸರು. ನಾವು ಇಂದು ಸೈಫನ್ ಅನ್ನುವುದು ಅದನ್ನೇ. ಆದರೆ ಹೊರಗಿನ ನೀರನ್ನು ನಂಬಿ ನಡೆಯುವ ಯಂತ್ರವೆಂದರೆ ಅವರಿಗೆ ಅಷ್ಟಕ್ಕಷ್ಟೆ. ಅದು ಸಾಪೇಕ್ಷ, ಹಾಗಾಗಿ ಗ್ರಾಮ್ಯ ಎಂದು ಮೂಗು ಮುರಿಯುತ್ತಾರೆ. ಸಾಪೇಕ್ಷ ಎಂದರೆ ನಮ್ಮ ಮಾತಿನಲ್ಲಿ ಹಂಗಿನ ಯಂತ್ರ. ಮೂರು ಸಾವಿರ ಕಳೆದುಕೊಂಡ ಈ ವರ್ಷ ನನಗೆ ದಕ್ಕಿದ ಲಾಭ ಈ ಒಂದು ಪದ. ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಜನ ಹುಡುಕುತ್ತಿರುವುದು ಯಾರ ಹಂಗೂ ಇಲ್ಲದ ಚಕ್ರವನ್ನು.

ಹೈಸ್ಕೂಲಿನಲ್ಲಿ ನಾನೇ ಒಂದನ್ನು ಮಾಡಿದ್ದೆ. ಹಳೆ ಸೈಕಲ್ ರಿಮ್ಮು, ಅದಕ್ಕೆ ಓರೆಯಾಗಿ ಕಟ್ಟಿದ ಹನ್ನೆರಡು ಓಟೆ ಕೊಳವೆ, ಒಂದೊಂದರಲ್ಲೂ ಒಂದೊಂದು ಗೋಲಿ. ಪಾದರಸಕ್ಕೆ ಎಲ್ಲಿಗೆ ಹೋಗುವುದು? ಅಚ್ಚಿಗೆ ತೆಂಗಿನೆಣ್ಣೆ. ಇಳಿಯುವ ಬದಿಯಲ್ಲಿ ಗೋಲಿಗಳು ಅಂಚಿಗೆ ಉರುಳಿ ದೂರದಿಂದ ಭಾರ ಹಾಕುತ್ತವೆ, ಏರುವ ಬದಿಯಲ್ಲಿ ಅಚ್ಚಿನ ಹತ್ತಿರಕ್ಕೆ ಸರಿಯುತ್ತವೆ; ತಿರುಗದೆ ಏನು ಮಾಡೀತು ಎಂಬುದು ನನ್ನ ತರ್ಕ. ಕೈಯಿಂದ ತಳ್ಳಿದರೆ ಲೊಟಲೊಟ ಸದ್ದು ಮಾಡುತ್ತ ಆರೇಳು ಸುತ್ತು ಬಂದು, ಹಿಂದಕ್ಕೂ ಮುಂದಕ್ಕೂ ತೂಗಿ ನಿಂತುಬಿಡುತ್ತಿತ್ತು. ವಿಜ್ಞಾನದ ಮಾಷ್ಟ್ರು ಬೈಯಲಿಲ್ಲ. ಚಕ್ರದ ನಡುವಿಗೆ ಸರಿಯಾಗಿ ಒಂದು ನೂಲು ಇಳಿಬಿಟ್ಟು, ‘ಎರಡೂ ಬದಿಯ ಗೋಲಿ ಎಣಿಸು ಮಾಣಿ’ ಎಂದರು. ಇಳಿಯುವ ಬದಿಗೆ ಐದು, ಏರುವ ಬದಿಗೆ ಏಳು. ದೂರ ಹೋದವುಗಳ ಬಲವನ್ನು ಹತ್ತಿರದವುಗಳ ಸಂಖ್ಯೆ ತಿಂದುಹಾಕಿತ್ತು. ಗೋಲಿಯ ಬದಲು ಪಾದರಸ ಸುರಿದರೂ ಲೆಕ್ಕ ಅದೇ.

ಈ ವರ್ಷ ಭಟ್ರು ಹಿಂದೆ ಸರಿದ ಮೇಲೆ ಹುಡುಗರು ಬೆಸ್ಲರನನ್ನು ಎಳೆತಂದರು. ಜರ್ಮನಿಯ ಈ ಮನುಷ್ಯ 1717ರಲ್ಲಿ ಕಾಸೆಲ್ ಬಳಿಯ ಅರಮನೆಯ ಕೋಣೆಯಲ್ಲಿ 12 ಅಡಿಯ ಚಕ್ರ ನಿಲ್ಲಿಸಿದ. ಬಾಗಿಲಿಗೆ ಮುದ್ರೆ ಬಿತ್ತು. 54 ದಿನ ಕಳೆದು ತೆರೆದಾಗ ಚಕ್ರ ತಿರುಗುತ್ತಲೇ ಇತ್ತು. ಆದರೆ ಒಳಗೇನಿದೆ ಎಂದು ಎಲ್ಲರಿಗೂ ತೋರಿಸಲು ಒಪ್ಪದೆ ಕೊನೆಗೆ ತಾನೇ ಒಡೆದುಹಾಕಿದ. ಪಕ್ಕದ ಕೋಣೆಯಿಂದ ಕೈಯಲ್ಲೇ ತಿರುಗಿಸುತ್ತಿದ್ದೆವು ಎಂದು ಮನೆಗೆಲಸದವಳು 1727ರಲ್ಲಿ ಸಾಕ್ಷಿ ನುಡಿದಳು. ಇಂಥವನ್ನು ಪರೀಕ್ಷಿಸುತ್ತ ಕೂರಲಾರೆವೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲಿ ಕದ ಮುಚ್ಚಿತು. ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ನೂ ನಿಸರ್ಗ ನಿಯಮಕ್ಕೆ ಎದ್ದು ಕಾಣುವಷ್ಟು ವಿರುದ್ಧವಾದುದಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ.

ಆಗದ ಚಕ್ರದಿಂದ ಆದ ಉಪಕಾರ ದೊಡ್ಡದು, ಅದನ್ನು ನಾವು ಜಗಲಿಯಲ್ಲಿ ಸಾಕಷ್ಟು ಆಡಲಿಲ್ಲ. ನಿಲ್ಲದ ಚಲನೆ ಅಸಾಧ್ಯ ಎಂಬ ಒಂದೇ ನಂಬಿಕೆಯ ಮೇಲೆ ಸ್ಟೆವಿನ್ 1586ರಲ್ಲಿ ಇಳಿಜಾರಿನ ನಿಯಮ ಸಾಧಿಸಿದ. ಕಾರ್ನೊ 1824ರಲ್ಲಿ ಹಬೆಯಂತ್ರದಿಂದ ಎಷ್ಟು ಕೆಲಸ ತೆಗೆಯಬಹುದೆಂಬ ಮಿತಿ ಹಾಕಿದ್ದೂ ಅದೇ ದಾರಿಯಲ್ಲಿ. ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ 1840ರ ದಶಕದಲ್ಲಿ ಶಕ್ತಿಯ ಖಾತೆ ಪುಸ್ತಕ ಬರೆದು ಮುಗಿಸಿದರು.

ಅಷ್ಟರಲ್ಲಿ ಯಾರೋ ಕೇಳಿದರು: ಹಾಗಾದರೆ ನಮ್ಮ ಸುರಂಗ? ವರ್ಷದ ಒಳ್ಳೆಯ ಪ್ರಶ್ನೆ ಇದೇ. ಗುಡ್ಡದ ಮುರಕಲ್ಲಿಗೆ ಆಳೊಂದು ನುಗ್ಗುವಷ್ಟು ಅಗಲ ಕೊರೆದ ಇಂಥ ಸಾವಿರಾರು ಸುರಂಗಗಳು ಈ ಜಿಲ್ಲೆಯಲ್ಲಿವೆ. ಮೋಟರಿಲ್ಲ, ಬಿಲ್ಲಿಲ್ಲ, ಅಡಿಕೆ ದಂಬೆಯಲ್ಲಿ ಹಗಲೂ ರಾತ್ರಿ ನೀರು. ಗಡಿಯಾಚೆ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದರು. ಐದು ಸುರಂಗ ಬರಡಾಗಿ ಆರನೆಯದರಲ್ಲಿ ನೀರು ಕಂಡರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ‘ಶೂನ್ಯ ಶಕ್ತಿಯ ನೀರಾವರಿ’ ಎಂಬ ಮಾತು ಎಲ್ಲೆಡೆ ಓಡಾಡಿತು. ನನಗೆ ಆ ‘ಶೂನ್ಯ’ದ ಮೇಲೆ ತಕರಾರಿದೆ. ಇಪ್ಪತ್ತು ಮೀಟರ್ ಎತ್ತರದಿಂದ ಸಾವಿರ ಲೀಟರ್ ನೀರು ಇಳಿದರೆ ಕರೆಂಟು ಬಿಲ್ಲಿನ ಒಂದು ಯೂನಿಟಿನ ಇಪ್ಪತ್ತನೇ ಒಂದು ಪಾಲಿನಷ್ಟು ಶಕ್ತಿ ಖರ್ಚಾಗುತ್ತದೆ. ಕೊಟ್ಟವರು ಅರಬ್ಬಿ ಸಮುದ್ರದ ನೀರನ್ನು ಮೇಲೆತ್ತಿದ ಸೂರ್ಯ, ಅದನ್ನು ಹಿಡಿದಿಟ್ಟ ಗುಡ್ಡ. ಪಿಕ್ಕಾಸು ಹಿಡಿದ ಕೈಗಳ ಕೂಲಿ ಬೇರೆ.

ಕೊನೆಗೆ ನಾನು ಹಾಕಿಸಿದ್ದು ಹೈಡ್ರಾಮ್, ಅಪ್ಪಟ ಹಂಗಿನ ಯಂತ್ರ. ತೋಡಿನ ನೀರು ಕೊಳವೆಯಲ್ಲಿ ಧಾವಿಸಿ ಬಂದು ಕವಾಟವನ್ನು ಪಟ್ಟನೆ ಮುಚ್ಚುತ್ತದೆ, ಆ ಗುದ್ದಿಗೆ ಒಂದಿಷ್ಟು ನೀರು ಮೇಲಿನ ಟಾಂಕಿಗೆ ಏರುತ್ತದೆ, ಕವಾಟ ಮತ್ತೆ ಬೀಳುತ್ತದೆ. ನೂರು ಲೀಟರ್ ಎರಡು ಮೀಟರ್ ಇಳಿದರೆ ಇಪ್ಪತ್ತು ಮೀಟರಿಗೆ ಹತ್ತು ಲೀಟರ್ ಏರಬೇಕು. ಏರುವುದು ಆರೇ, ಉಳಿದದ್ದು ಗುದ್ದಿಗೂ ಉಜ್ಜಾಟಕ್ಕೂ ಹೋಯಿತು. ಹುಡುಗರು ಇದನ್ನೂ ವಿಡಿಯೊ ಮಾಡಿ ‘ನಿಲ್ಲದ ಪಂಪು’ ಎಂದು ಹಂಚಿದರು. ಫೆಬ್ರವರಿಯಲ್ಲಿ ತೋಡು ಬತ್ತಿತು, ಟಕ್ ಟಕ್ ನಿಂತಿತು. ಮೊನ್ನೆ ಎರಡು ಜಡಿಮಳೆ ಬಿದ್ದು ನೀರು ಬಂದ ಮೇಲೆ ಇಳಿದು ಹೋಗಿ, ಕವಾಟದಲ್ಲಿ ಸಿಕ್ಕಿದ್ದ ಹಲಸಿನ ಎಲೆ ತೆಗೆದು, ಕೈಯಿಂದ ನಾಲ್ಕು ಸಲ ಒತ್ತಿದೆ. ಐದನೆಯದನ್ನು ಅದೇ ಹೊಡೆಯಿತು.