ಗ್ರಾಹಕರ ಆಯೋಗ ತಾಲೂಕಿಗೂ ಬರಲಿ
ಬೆಳ್ತಂಗಡಿಯ ಕೃಷಿಕರೊಬ್ಬರ ಹೊಸ ಪಂಪ್‌ಸೆಟ್ ತಿಂಗಳೊಳಗೆ ಕೆಟ್ಟಿತು, ಅಂಗಡಿಯವರು ಕೈಚೆಲ್ಲಿದರು ಎಂದುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವರ ಪರವಾಗಿಯೇ ಇದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಆದರೆ ಜಿಲ್ಲಾ ಗ್ರಾಹಕರ ಆಯೋಗದ ವಿಚಾರಣೆ ಮಂಗಳೂರಿನಲ್ಲಿ. ಪ್ರತಿ ವಾಯಿದೆಗೂ ಬಸ್ಸಿನ ಖರ್ಚು, ಒಂದು ದಿನದ ಕೆಲಸ ನಷ್ಟ. ಎರಡು ಸಾವಿರದ ಮಿಕ್ಸಿಗಾಗಿ ಯಾರು ಅಲೆಯುತ್ತಾರೆ? ಸಣ್ಣ ಮೋಸಗಳು ದಕ್ಕುವುದು ಇಲ್ಲಿಯೇ.

ಆಯೋಗ ತಾಲೂಕಿಗೆ ಬರಲು ಹೊಸ ಕಾನೂನು ಬೇಕಿಲ್ಲ. ರಾಜ್ಯ ಗ್ರಾಹಕರ ಆಯೋಗದೊಂದಿಗೆ ಸಮಾಲೋಚಿಸಿ ಸರಕಾರ ಅಧಿಸೂಚನೆ ಹೊರಡಿಸಿದರೆ ಜಿಲ್ಲಾ ಆಯೋಗವು ಜಿಲ್ಲೆಯ ಬೇರೆ ಕಡೆಯೂ ಕಲಾಪ ನಡೆಸಬಹುದೆಂದು ಕಾಯ್ದೆಯ 34ನೇ ಕಲಮೇ ಹೇಳುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ನ್ಯಾಯಾಲಯಗಳಿವೆ. ಅಲ್ಲೇ ತಿಂಗಳಿಗೊಂದು ದಿನ ಕೂರಲಿ.

ಆನ್‌ಲೈನ್ ದೂರು, ವಿಡಿಯೋ ವಿಚಾರಣೆ ಇರುವಾಗ ಇದೇಕೆ ಎನ್ನಬಹುದು. ಅವು ಒಳ್ಳೆಯ ಸೌಲಭ್ಯಗಳೇ. ಆದರೆ ಬಿಲ್ಲು, ಅಫಿಡವಿಟ್ಟುಗಳನ್ನು ಸ್ಕ್ಯಾನ್ ಮಾಡಿ ಏರಿಸುವುದು, ಘಟ್ಟದ ಬುಡದ ಹಳ್ಳಿಯಲ್ಲಿ ಸಿಗ್ನಲ್ ಹುಡುಕುವುದು ಎಲ್ಲರಿಗೂ ಸಾಧ್ಯವಿಲ್ಲ. ದೂರುಗಳೇ ಕಡಿಮೆ ಎಂಬ ವಾದವಂತೂ ತಲೆಕೆಳಗು: ದಾರಿ ದೂರವಾದಷ್ಟೂ ದೂರು ಕಡಿಮೆಯಾಗುತ್ತದೆ. ವ್ಯಾಪಾರಿಗಳಿಗೆ ಕಿರುಕುಳವಾದೀತೆಂಬ ಆತಂಕ ಸಹಜ. ಆದರೆ ಸುಳ್ಳು ದೂರಿಗೆ ಉತ್ತರಿಸಲು ಪ್ರಾಮಾಣಿಕ ಅಂಗಡಿಯವರೂ ಇಂದು ಬಾಗಿಲೆಳೆದು ಮಂಗಳೂರಿಗೇ ಹೋಗಬೇಕು. ಹತ್ತಿರದಲ್ಲೇ ಕಲಾಪವಿದ್ದರೆ ಕಾಯ್ದೆಯಲ್ಲಿರುವ ಮಧ್ಯಸ್ಥಿಕೆಯ ದಾರಿಯಲ್ಲಿ ಇಬ್ಬರೂ ಎದುರುಬದುರು ಕೂತು ಬಗೆಹರಿಸಿಕೊಳ್ಳಬಹುದು. ಮೂರೂ ಕ್ಷೇತ್ರಗಳ ಶಾಸಕರು ಈ ಅಧಿಸೂಚನೆಯನ್ನು ಸರಕಾರದಿಂದ ಕೇಳಿ ಪಡೆಯಬೇಕು.