ಕನ್ನಡದಲ್ಲಿ ಕರಾರು ಇಲ್ಲದೆ ಮೀಟರಿಗೆ ಸಹಿ ಇಲ್ಲ!

ಕನ್ನಡದ ತರುಣರೇ, ಗಡಿಯೂರು ಗುರುಮಠಕಲ್ಲಿನ ಅವ್ವ ನೀರಿನ ಮೋಟರ್ ಯಾವಾಗ ಹಾಕಬೇಕು, ಇಸ್ತ್ರಿ ಯಾವಾಗ ಬಿಡಬೇಕು ಎಂಬುದನ್ನು ಇನ್ನು ದರವೇ ಹೇಳಲಿದೆ. ಕೇಂದ್ರದ 2023ರ ತಿದ್ದುಪಡಿ ನೋಡಿ: ಸ್ಮಾರ್ಟ್ ಮೀಟರ್ ಮನೆಗೆ ಬಿಸಿಲಿನ ಹೊತ್ತು ಕನಿಷ್ಠ ಶೇ. 20 ಕಡಿಮೆ, ಬೇಡಿಕೆ ಏರಿದ ಹೊತ್ತು ಕನಿಷ್ಠ ಶೇ. 10 ಹೆಚ್ಚು. ಒಳ್ಳೆಯದೇ ಇರಬಹುದು. ಆದರೆ ಅವ್ವನಿಗೆ ಯಾವ ಭಾಷೆಯಲ್ಲಿ ಹೇಳುತ್ತೀರಿ ಸ್ವಾಮಿ? ಯಂತ್ರಕ್ಕೆ ಐಎಸ್ 16444 ಎಂಬ ಮಾನದಂಡವಿದೆ. ಸಹಿ ಹಾಕುವ ಮನುಷ್ಯರಿಗೆ?

ದರದ ವೇಳಾಪಟ್ಟಿ, ಒಪ್ಪಿಗೆ ಪತ್ರ, ಒಲ್ಲೆ ಎನ್ನುವ ಹಕ್ಕು, ದೂರಿಗೆ ಉತ್ತರ ಎಲ್ಲವೂ ಕನ್ನಡದಲ್ಲಿರಲಿ. ತಪ್ಪಿದರೆ ದಂಡವೆಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬರೆಯಲಿ. ಅಚ್ಚು ಹಾಕುವವನು ಹೇಳುತ್ತೇನೆ, ಒಂದು ಕನ್ನಡ ಹಾಳೆಗೆ ಯಾವ ಕಂಪನಿಯೂ ದಿವಾಳಿಯಾಗದು! ಜೆಸ್ಕಾಂ ಕಚೇರಿಗೆ ನಡೆಯಿರಿ. ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.